ಮೂರು ಕೋಣೆ, ಜುಲೈಗೆ

ಫೆಬ್ರವರಿ. ಬೂರಾ ಗಾಳಿ ಬಾಗಿಲಿಗೆ ಭುಜ ಕೊಟ್ಟು ನಿಂತಿದೆ,
ಕೊಟ್ಟ ಸಾಲ ವಸೂಲಿಗೆ ಬಂದ ನೆಂಟನ ಹಾಗೆ.
ಎದುರು ದಡದ ವೆಲೆಬಿತ್ ಬೆಟ್ಟದಿಂದ ಧುಮುಕಿ
ಕಡಲ ನೆತ್ತಿಯ ಉಪ್ಪು ಕೆರೆದು ತಂದು
ಪಾಗ್ ದ್ವೀಪದ ಕಲ್ಲುಕಲ್ಲಿಗೂ ಬಳಿಯುತ್ತದೆ.
ಆ ಕಲ್ಲಿನ ಸಂದಿಯಲ್ಲಿ ಮೇಯುವ ಕುರಿಯ
ಹಾಲಿಗೂ ಉಪ್ಪು, ಚೀಸಿಗೂ ಉಪ್ಪು.
ಪೇಟೆಯವರು ಅದಕ್ಕೇ ದುಪ್ಪಟ್ಟು ಕೊಡುತ್ತಾರೆ.

ಒಲೆಯ ಪಕ್ಕ ರಟ್ಟಿನ ಪೆಟ್ಟಿಗೆಯಲ್ಲಿ ನಿನ್ನೆ ಹುಟ್ಟಿದ ಮರಿ.
ಅದರ ಪಕ್ಕ ಮೊಮ್ಮಗ ಶಿಮೆ, ಫೋನು ಹಿಡಿದು:
"ನೋನಾ, ಲೀಡ್ಸ್ ಅನ್ನುವ ಊರಿನ ಐದು ಹುಡುಗಿಯರು.
ಜುಲೈ ಹನ್ನೊಂದರಿಂದ ಏಳು ರಾತ್ರಿ.
ನೀರು ಬೆಚ್ಚಗಿರುತ್ತದಾ ಅಂತ ಕೇಳಿದ್ದಾರೆ."
"ಇರುತ್ತದೆ ಅಂತ ಬರೆ."
"ಕ್ಲಬ್ಬುಗಳ ದಂಡೆ ಎಷ್ಟು ದೂರ?"
"ಹೋಗುವಾಗ ಬಸ್ಸು, ಹತ್ತು ನಿಮಿಷ.
ಬರುವಾಗ ನಡಿಗೆ, ಒಂದು ಗಂಟೆ, ಕಾಲಲ್ಲಿ ಚಪ್ಪಲಿ ಉಳಿದಿದ್ದರೆ."
"ಚಪ್ಪಲಿ ಸುದ್ದಿ ಬೇಡ ನೋನಾ."

ಹೋದ ಬೇಸಿಗೆ ಬಿಟ್ಟುಹೋದವು ಹದಿನಾಲ್ಕು,
ಎಲ್ಲ ಒಂಟಿ. ಕೊಟ್ಟಿಗೆಯ ಗೂಟಕ್ಕೆ ಸಿಕ್ಕಿಸಿದ್ದೇನೆ,
ಯಾರಾದರೂ ಕೇಳಿಕೊಂಡು ಬಂದಾರು ಅಂತ.

ಅವರ ರಜೆ ಅಲ್ಲೂ ತಯಾರಾಗುತ್ತಿದೆ, ಇಲ್ಲೂ.
ಅಲ್ಲಿ ಯಾವುದೋ ಅಡುಗೆಮನೆಯಲ್ಲಿ ಐದು ತಲೆ ಸೇರಿ
ಯಾರು ಯಾರ ಜತೆ ಮಲಗುವುದು, ಯಾರ ಗೊರಕೆ ಜಾಸ್ತಿ,
ಟಿಕೇಟಿಗೆ ಯಾರು ಇನ್ನೂ ಹಣ ಕೊಟ್ಟಿಲ್ಲ.
ಇಲ್ಲಿ ನಾನು ಚಮಚ ಎಣಿಸುತ್ತೇನೆ. ಎರಡು ಕಮ್ಮಿ.
ಹಾಸಿಗೆಯ ಸ್ಪ್ರಿಂಗಿಗೆ ಎಣ್ಣೆ. ಪರದೆಗೆ ಹೊಲಿಗೆ.
ನಡುಮನೆ ಗೋಡೆಯಿಂದ ಯೆರ್ಕೊನ ಪಟ ಇಳಿಸಬೇಕು,
ಸತ್ತವರ ಕಣ್ಣೆದುರು ಹುಡುಗಿಯರಿಗೆ ಮುಜುಗರವಂತೆ.
ತೀರಿಕೊಂಡು ಒಂಬತ್ತು ವರ್ಷ,
ಪ್ರತಿ ಜುಲೈಗೂ ನನ್ನ ಜತೆ ಮನೆ ಖಾಲಿ ಮಾಡುತ್ತಾನೆ
ಪುಣ್ಯಾತ್ಮ.

ಚೀಸಿನ ಕೋಣೆಯಲ್ಲಿ ನಮ್ಮ ಬೇಸಿಗೆ.
ದಂಡೆಯ ಸದ್ದು ನೆಲದಡಿಯಿಂದ ಬರುತ್ತದೆ,
ಕಿವಿಗಲ್ಲ, ದವಡೆ ಹಲ್ಲಿಗೆ.
ಹಲಗೆಯ ಮೇಲೆ ಚೀಸಿನ ಚಕ್ರಗಳು ಸಣ್ಣಗೆ ನಡುಗುತ್ತವೆ,
ಶೀತಕ್ಕೆ ಸಾಲಾಗಿ ಕೂತ ಮುದುಕಿಯರ ಹಾಗೆ.
ನಾನೂ ಒಬ್ಬಳು ಅಲ್ಲಿ.

ನಾಲ್ಕೂವರೆಗೆ ಹಾಲು ಕರೆಯಲು ಏಳುತ್ತೇನೆ,
ಅವರು ಬರುವ ಹೊತ್ತೂ ಅದೇ.
ಗೇಟಿನ ಬಳಿ ಅವರು "ಗುಡ್ ನೈಟ್" ಅನ್ನುತ್ತಾರೆ,
ನಾನು "ದೊಬ್ರೊ ಯುತ್ರೊ", ಶುಭೋದಯ.
ಇಬ್ಬರದೂ ಸುಳ್ಳಲ್ಲ.
ಒಂದು ವರ್ಷ ಒಬ್ಬಳು, ಕಾಡಿಗೆ ಕೆನ್ನೆಗಿಳಿದವಳು,
ಒಳಗೆ ಹೋಗದೆ ನನ್ನ ಹಿಂದೆಯೇ ಬಂದಳು.
ಕರೆಯುತ್ತೇನೆ ಅಂತ ಕೈಸನ್ನೆ ಮಾಡಿದಳು. ಬಕೀಟು ಕೊಟ್ಟೆ.
ಕುರಿಯ ಪಕ್ಕೆಗೆ ಹಣೆ ಆನಿಸಿ ಹಾಗೇ ನಿದ್ದೆ ಹೋದಳು.
ಯಾವಾಗಲೂ ಒದೆಯುವ ಆ ಕುರಿ ಅವತ್ತು ಅಲ್ಲಾಡಲಿಲ್ಲ.
ಯಾಕೆ ಅತ್ತಿದ್ದಳೋ. ನನಗೆ ಅವಳ ಭಾಷೆ ಬಾರದು,
ಬಂದಿದ್ದರೂ ಕೇಳುತ್ತಿರಲಿಲ್ಲವೇನೋ.

"ಕೊನೆಯ ಪ್ರಶ್ನೆ, ನೋನಾ. ರಾತ್ರಿ ಮನೆ ಹತ್ತಿರ ಗದ್ದಲವಾ?
ಒಬ್ಬಳಿಗೆ ನಿದ್ದೆಯ ತೊಂದರೆಯಂತೆ."
ಗಾಳಿ ಚಿಮಣಿಯಲ್ಲಿ ಊದಿತು. ಮರಿ ತಲೆಯೆತ್ತಿತು.
"ಇಲ್ಲ ಅಂತ ಬರೆ."
"ಇಲ್ಲವಾ?"
"ಕಿಟಕಿ ಮುಚ್ಚಿದರೆ ಪರವಾಗಿಲ್ಲ ಅಂತ ಬರೆ, ಹೋಗಲಿ."

ಅವನು ಒತ್ತುತ್ತಿದ್ದ. ನಾನು ಕಿಟಕಿಯಾಚೆ ನೋಡಿದೆ.
ಮದುವೆಯಾಗಿ ಬಂದು ನಲವತ್ತಾರು ವರ್ಷ
ದಿನಾ ಕಾಣುವ ಬೆಟ್ಟ. ಒಮ್ಮೆಯೂ ಹತ್ತಿಲ್ಲ.
ಅದರ ಗಾಳಿಯನ್ನು ಮಾತ್ರ ಉಂಡು ಉಟ್ಟು ಮುದಿಯಾದೆ.

"ಶಿಮೆ, ಅಲ್ಲಿ ಮೇಲೆ ಯಾರಾದರೂ ಕೋಣೆ ಕೊಡುತ್ತಾರಾ ನೋಡು.
ಒಬ್ಬಳಿಗೆ. ಅಕ್ಟೋಬರ್. ಎರಡು ರಾತ್ರಿ.
ಬೂರಾ ಹುಟ್ಟುವ ಜಾಗ ಅಲ್ಲಿಂದ ಎಷ್ಟು ದೂರ,
ಮಂಡಿ ನೋವಿನವರು ನಡೆಯಬಹುದಾ,
ರಾತ್ರಿ ಗದ್ದಲವಾ, ಕೇಳು."

ಅವನು ತಲೆಯೆತ್ತಿದ. "ನಿಜಕ್ಕೂ ಬರೆಯಲಾ?"

"ಮೊದಲು ಆ ಹುಡುಗಿಯರದ್ದು ಮುಗಿಸು.
ದಿಂಬು ಜಾಸ್ತಿ ಬೇಕಂತೆ ಅಂದೆಯಲ್ಲ,
ಎಷ್ಟು?"